ಮನೆ ವಿಮೆಯ ಹಣ ತಡವಾದಾಗ: ಫೈಲು ಎಲ್ಲಿ ನಿಂತಿದೆ?

ಮನೆ ವಿಮೆಯ ಹಣಕ್ಕಾಗಿ ಕಾಯುತ್ತಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ‘ದುಡ್ಡು ಯಾವಾಗ ಬರುತ್ತದೆ?’ ಕಂಪನಿಯ ಕಡೆಯಿಂದ ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ಪ್ರೊಸೆಸ್‌ನಲ್ಲಿದೆ ಸಾರ್, ಸ್ವಲ್ಪ ಕಾಯಿರಿ.’ ಈ ಮಾತುಕತೆ ಎಷ್ಟು ಸಲ ನಡೆದರೂ ಕೆಲಸ ಮುಂದೆ ಸಾಗುವುದಿಲ್ಲ. ಆದ್ದರಿಂದ ನಿಮಗೆ ಬೇರೆಯದೇ ಪ್ರಶ್ನೆಯೊಂದನ್ನು ಹೇಳಿಕೊಡಬೇಕೆಂದಿದ್ದೇನೆ: ‘ನನ್ನ ಫೈಲು ಈಗ ಯಾರ ಬಳಿ ಇದೆ? ಯಾವ ತಾರೀಖಿನಿಂದ ಇದೆ?’ ಇದನ್ನು ಕೇಳಲು ಕಾನೂನು ಓದಿರಬೇಕಾಗಿಲ್ಲ. ಕ್ಲೇಮ್ ಯಾವ ಯಾವ ಮೆಟ್ಟಿಲು ಹತ್ತಿ ಹೋಗುತ್ತದೆ ಎಂದು ತಿಳಿದಿದ್ದರೆ ಸಾಕು. ಆ ಮೆಟ್ಟಿಲುಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಕೆಲವು ಪದಗಳ ಪರಿಚಯ ಮಾಡಿಕೊಳ್ಳಿ. ವಿಮಾ ಕಂಪನಿ ಮತ್ತು ನಿಮ್ಮ ನಡುವಿನ ಲಿಖಿತ ಒಪ್ಪಂದವೇ ಪಾಲಿಸಿ. ಅದಕ್ಕಾಗಿ ನೀವು ಕಟ್ಟುವ ಹಣ ಪ್ರೀಮಿಯಂ. ನಷ್ಟವಾದರೆ ಕಂಪನಿ ಹೆಚ್ಚೆಂದರೆ ಎಷ್ಟು ಕೊಡಬೇಕು ಎಂಬ ಮಿತಿ ವಿಮಾ ಮೊತ್ತ. ನಷ್ಟವಾಯಿತು, ಒಪ್ಪಂದದಂತೆ ಹಣ ಕೊಡಿ ಎಂದು ನೀವು ಮುಂದಿಡುವ ಬೇಡಿಕೆ ಕ್ಲೇಮ್. ಪಾಲಿಸಿಯ ಮೊದಲ ಒಂದೆರಡು ಪುಟಗಳಲ್ಲಿ ನಿಮ್ಮ ಹೆಸರು, ಮನೆಯ ವಿಳಾಸ, ವಿಮಾ ಮೊತ್ತ, ಅವಧಿ ಇವೆಲ್ಲ ಇರುವ ಪಟ್ಟಿಯನ್ನು ಶೆಡ್ಯೂಲ್ ಎನ್ನುತ್ತಾರೆ. ಉಳಿದ ಪುಟಗಳಲ್ಲಿರುವುದು ಷರತ್ತುಗಳು. ಬಹಳ ಜನ ಶೆಡ್ಯೂಲ್ ಮಾತ್ರ ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ. ಷರತ್ತಿನ ಪುಟಗಳು ನಿಮ್ಮ ಬಳಿ ಇಲ್ಲದಿದ್ದರೆ ಕಂಪನಿಯಿಂದ ಕೇಳಿ ತರಿಸಿಕೊಳ್ಳಿ. ಮುಂದಿನ ಪ್ರತಿ ಪತ್ರದಲ್ಲೂ ಅವು ಬೇಕಾಗುತ್ತವೆ.

ಭಾರತದಲ್ಲಿ ವಿಮಾ ಕಂಪನಿಗಳ ಮೇಲುಸ್ತುವಾರಿ ನೋಡಿಕೊಳ್ಳುವುದು ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ. ಇದರ ಕೇಂದ್ರ ಕಚೇರಿ ಹೈದರಾಬಾದಿನಲ್ಲಿದೆ. ಐಆರ್‌ಡಿಎಐ ಎಂಬ ಮೊಟಕು ಹೆಸರಿನಲ್ಲಿ ಇದನ್ನು ನೀವು ಪತ್ರಿಕೆಗಳಲ್ಲಿ ಕಂಡಿರುತ್ತೀರಿ. ಈ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಮನೆ ಪಾಲಿಸಿ ಜಾರಿಗೆ ಬಂತು. ಯಾವ ಕಂಪನಿಯಿಂದ ಕೊಂಡರೂ ಇದರ ಮೂಲ ಷರತ್ತುಗಳು ಒಂದೇ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ, ನೀರಿನ ಟ್ಯಾಂಕು ಅಥವಾ ಪೈಪು ಒಡೆಯುವುದು ಮುಂತಾದವು ಇದರ ವ್ಯಾಪ್ತಿಗೆ ಬರುತ್ತವೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆಯೊಳಗಿನ ಸಾಮಾನಿಗೂ ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ತಾನಾಗಿಯೇ ರಕ್ಷಣೆ ಸಿಗುತ್ತದೆ. ಒಡವೆ, ಕಲಾಕೃತಿಗಳಂಥ ಬೆಲೆಬಾಳುವ ವಸ್ತುಗಳಿಗೆ ಬೇರೆಯಾಗಿ ಹೇಳಿ ಮಾಡಿಸಬೇಕು.

ಈ ಪಾಲಿಸಿಯ ಒಂದು ಗುಣವನ್ನು ನೀವು ಮರೆಯಬಾರದು. ಹಳೆಯ ಬಗೆಯ ಪಾಲಿಸಿಗಳಲ್ಲಿ, ಕಟ್ಟಲು 20 ಲಕ್ಷ ಬೇಕಾಗುವ ಮನೆಗೆ 10 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ, 4 ಲಕ್ಷ ನಷ್ಟವಾದಾಗ ಕೈಗೆ ಸಿಗುತ್ತಿದ್ದುದು 2 ಲಕ್ಷ. ಅರ್ಧ ಬೆಲೆಗೆ ವಿಮೆ, ಆದ್ದರಿಂದ ಅರ್ಧ ಪರಿಹಾರ ಎಂಬುದು ಅದರ ಲೆಕ್ಕ. ಭಾರತ್ ಗೃಹ ರಕ್ಷಾದಲ್ಲಿ ಈ ಕಡಿತವನ್ನು ಕೈಬಿಡಲಾಗಿದೆ. ವಿಮಾ ಮೊತ್ತದ ಮಿತಿಯೊಳಗೆ ಪೂರ್ತಿ 4 ಲಕ್ಷ ಸಿಗಬೇಕು. ‘ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದೀರಿ’ ಎಂದು ಯಾರಾದರೂ ನಿಮ್ಮ ಹಣ ಕತ್ತರಿಸಿದರೆ, ನಿಮ್ಮ ಪಾಲಿಸಿ ಯಾವುದೆಂದು ಮೊದಲು ನೋಡಿ.

ಈಗ ಒಂದು ಉದಾಹರಣೆ. ನಿಮ್ಮ ಮನೆ ಮಲೆನಾಡಿನಲ್ಲಿದೆ ಎಂದಿಟ್ಟುಕೊಳ್ಳಿ. ಆಗಸ್ಟ್ 4ರ ರಾತ್ರಿಯ ಜಡಿಮಳೆಗೆ ಮನೆಯ ಹಿಂದಿನ ಧರೆ ಜರಿದು ಗೋಡೆಯ ಮೇಲೆ ಬಿತ್ತು. ಗೋಡೆಯ ಜೊತೆಗೆ ಅಡುಗೆಮನೆಯ ಮಾಡು, ಹೆಂಚು, ಜಂತಿ ಎಲ್ಲ ನೆಲಕ್ಕೆ ಬಂದವು. ಮನೆಯವರಿಗೆ ಏನೂ ಆಗಲಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಸುತ್ತ ಗುಡ್ಡಗಳೇ ಜಾರಿ ಬಂದುದನ್ನು ಕಂಡವರಿಗೆ ಇಂಥ ರಾತ್ರಿಯನ್ನು ವಿವರಿಸಬೇಕಾಗಿಲ್ಲ.

ಕ್ಲೇಮಿನ ಮೊದಲ ಮೆಟ್ಟಿಲು ತಿಳಿಸುವುದು. ಮರುದಿನವೇ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಕ್ಲೇಮ್ ಸಂಖ್ಯೆ ಪಡೆಯಿರಿ. ಕರೆ ಮಾಡಿದ್ದನ್ನು ಅಂದೇ ಇಮೇಲ್‌ನಲ್ಲೂ ಬರೆದು ಕಳಿಸಿ. ಏಜೆಂಟರಿಗೆ ಹೇಳಿದ್ದೇನೆ ಎಂದು ಸುಮ್ಮನಿರಬೇಡಿ. ಏಜೆಂಟರಿಗೆ ಹೇಳಿದ ಮಾತು ಕಂಪನಿಯ ಫೈಲಿನಲ್ಲಿ ದಾಖಲಾಗದೇ ಹೋಗಬಹುದು. ದಾರಿ ಕಡಿದು, ಕರೆಂಟು ಹೋಗಿ, ಫೋನು ಸಿಗದೆ ಒಂದು ವಾರ ತಡವಾದರೆ ಎದೆಗುಂದಬೇಕಾಗಿಲ್ಲ. ನಿಜವಾದ ಕ್ಲೇಮನ್ನು ತಡವಾಗಿ ತಿಳಿಸಿದರೆಂಬ ಒಂದೇ ಕಾರಣಕ್ಕೆ ಯಾಂತ್ರಿಕವಾಗಿ ತಿರಸ್ಕರಿಸಬಾರದೆಂದು ಪ್ರಾಧಿಕಾರ 2011ರ ಸೆಪ್ಟೆಂಬರಿನಲ್ಲೇ ಕಂಪನಿಗಳಿಗೆ ಸುತ್ತೋಲೆ ಕಳಿಸಿದೆ. ತಡವಾದುದಕ್ಕೆ ಕಾರಣವನ್ನು ಮಾತ್ರ ಸ್ಪಷ್ಟವಾಗಿ ಬರೆಯಿರಿ.

ಎರಡನೆಯ ಮೆಟ್ಟಿಲು ಸರ್ವೇಯರ್. ನಷ್ಟ ಎಷ್ಟು, ಯಾವ ಕಾರಣದಿಂದ ಆಯಿತು ಎಂದು ಸ್ಥಳಕ್ಕೆ ಬಂದು ಅಳೆದು ಬರೆಯುವವರು ಇವರು. ಇವರಿಗೆ ಪರವಾನಗಿ ಕೊಡುವುದು ಪ್ರಾಧಿಕಾರ, ನೇಮಿಸುವುದು ವಿಮಾ ಕಂಪನಿ, ಶುಲ್ಕ ಕೊಡುವುದೂ ಕಂಪನಿಯೇ. ನೀವು ಇವರಿಗೆ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ. ಆಸ್ತಿಯ ನಷ್ಟ 1 ಲಕ್ಷ ರೂಪಾಯಿ ಮುಟ್ಟಿದರೆ ಸರ್ವೇ ಆಗಲೇಬೇಕು. ಅದಕ್ಕಿಂತ ಸಣ್ಣ ನಷ್ಟವನ್ನು ಕಂಪನಿ ಸರ್ವೇಯರ್ ಇಲ್ಲದೆಯೂ ತೀರ್ಮಾನಿಸಬಹುದು. ಮೂರನೆಯ ಮೆಟ್ಟಿಲು ಸರ್ವೇಯರ್ ಬರೆಯುವ ವರದಿ, ನಾಲ್ಕನೆಯದು ಆ ವರದಿಯ ಮೇಲೆ ಕಂಪನಿ ತೆಗೆದುಕೊಳ್ಳುವ ನಿರ್ಧಾರ, ಕೊನೆಯದು ಹಣ ಪಾವತಿ.

ಈ ಮೆಟ್ಟಿಲುಗಳಿಗೆ ಗಡುವು ಇದೆ. 2024ರಲ್ಲಿ ಪ್ರಾಧಿಕಾರ ಹೊರಡಿಸಿದ ಮಾಸ್ಟರ್ ಸುತ್ತೋಲೆಯ ಪ್ರಕಾರ, ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರನ್ನು ಗೊತ್ತುಮಾಡಬೇಕು. ಗೊತ್ತುಮಾಡಿದ 15 ದಿನದೊಳಗೆ ವರದಿ ಬರಬೇಕು. ವರದಿ ಬಂದ 7 ದಿನದೊಳಗೆ ಕಂಪನಿ ನಿರ್ಧಾರ ತೆಗೆದುಕೊಳ್ಳಬೇಕು. ಸಕಾಲದಲ್ಲಿ ವರದಿ ತರಿಸಿಕೊಳ್ಳುವ ಹೊಣೆ ಕಂಪನಿಯದೇ. ‘ಸರ್ವೇಯರ್ ಇನ್ನೂ ರಿಪೋರ್ಟ್ ಕೊಟ್ಟಿಲ್ಲ, ನಾವೇನು ಮಾಡೋಣ?’ ಎಂಬ ಮಾತು ನಿಮ್ಮ ಕಿವಿಗೆ ಬಿದ್ದಾಗ ಇದನ್ನು ನೆನಪಿಸಿಕೊಳ್ಳಿ. ನಿಮ್ಮ ಒಪ್ಪಂದ ಇರುವುದು ಕಂಪನಿಯ ಜೊತೆಗೆ. ಹಾಗಾಗಿ ಸರ್ವೇಯರ್ ಹಿಂದೆ ನೀವು ಅಲೆಯಬೇಕಾಗಿಲ್ಲ; ಉತ್ತರ ಹೇಳಬೇಕಾದವರಿಗೆ ಬರೆಯಿರಿ.

ಸರ್ವೇಯರ್ ಬರುವ ಮೊದಲು ನೀವು ಮಾಡುವ ಕೆಲಸ ಇಡೀ ಕ್ಲೇಮಿನ ತಳಪಾಯ. ಬಿದ್ದದ್ದನ್ನು ಬಿದ್ದ ಹಾಗೆಯೇ ಹಲವು ಕಡೆಯಿಂದ ಫೋಟೊ, ವಿಡಿಯೊ ತೆಗೆಯಿರಿ: ದೂರದಿಂದ ಇಡೀ ಮನೆ, ಹತ್ತಿರದಿಂದ ಪ್ರತಿಯೊಂದು ಹಾನಿ. ನಷ್ಟ ಇನ್ನೂ ಹೆಚ್ಚದಂತೆ ತಡೆಯುವುದು ಪಾಲಿಸಿಯ ಪ್ರಕಾರ ನಿಮ್ಮ ಕರ್ತವ್ಯವೂ ಹೌದು. ಆದ್ದರಿಂದ ಟಾರ್ಪಾಲು ಹೊದಿಸಿ, ನೀರು ಹೊರಗೆ ಹರಿಯಲು ದಾರಿ ಮಾಡಿ, ಅಪಾಯಕಾರಿ ಗೋಡೆಗೆ ಊರೆ ಕೊಡಿ; ಇದಕ್ಕಾದ ಖರ್ಚಿನ ಬಿಲ್ಲುಗಳನ್ನು ತೆಗೆದಿಡಿ. ಆದರೆ ಒಡೆದ ಹೆಂಚು, ಮುರಿದ ಜಂತಿ, ನೀರು ಕುಡಿದ ಫ್ರಿಜ್ಜು ಇವನ್ನು ಸರ್ವೇಯರ್ ನೋಡುವ ತನಕ ಎಸೆಯಬೇಡಿ, ಗುಜರಿಗೂ ಹಾಕಬೇಡಿ. ಊರಿನ ಮೇಸ್ತ್ರಿಯಿಂದಲೋ ಎಂಜಿನಿಯರರಿಂದಲೋ ದುರಸ್ತಿಯ ಅಂದಾಜು ಪಟ್ಟಿ ಬರೆಸಿ. ಒಟ್ಟು ಮೊತ್ತವೊಂದನ್ನೇ ಬರೆದರೆ ಸಾಲದು. ಎಷ್ಟು ಅಡಿ ಗೋಡೆ, ಎಷ್ಟು ಹೆಂಚು, ಮರ ಎಷ್ಟು, ಕೂಲಿ ಎಷ್ಟು ಎಂದು ಬಿಡಿಬಿಡಿಯಾಗಿ ಇರಲಿ.

ಗ್ರಾಮ ಆಡಳಿತ ಅಧಿಕಾರಿ ಬಂದು ಮಹಜರು ಮಾಡಿದರೆ ಅದರ ಪ್ರತಿ ಕೇಳಿ ಪಡೆಯಿರಿ. ಸರ್ಕಾರದ ಪರಿಹಾರ ಬೇರೆ, ವಿಮೆಯ ಹಣ ಬೇರೆ. ಮಹಜರು ಆಗುವುದು ಸರ್ಕಾರದ ಪರಿಹಾರಕ್ಕಾದರೂ ವಿಮೆಗೂ ಅದು ಒಳ್ಳೆಯ ಸಾಕ್ಷ್ಯ. ಇನ್ನೊಂದು ಸಾಕ್ಷ್ಯವನ್ನು ಬಹಳ ಜನ ಬಳಸುವುದೇ ಇಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟು ದಿನದಿನದ ಮಳೆಯನ್ನು ದಾಖಲಿಸುತ್ತದೆ. ‘ಗೋಡೆ ಹಳೆಯದಾಗಿ ತಾನೇ ಬಿದ್ದಿರಬಹುದು’ ಎಂಬ ಅನುಮಾನ ಎದ್ದಾಗ, ಆ ರಾತ್ರಿ ನಿಮ್ಮ ಪಂಚಾಯಿತಿಯಲ್ಲಿ ಎಷ್ಟು ಮಿಲಿಮೀಟರ್ ಸುರಿಯಿತು ಎಂಬ ಅಂಕಿ ನಿಮ್ಮ ಪರವಾಗಿ ಮಾತನಾಡುತ್ತದೆ. ಈ ಅನುಮಾನವನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ವರ್ಷಗಟ್ಟಲೆ ಜಿನುಗಿ ಶಿಥಿಲವಾದ ಗೋಡೆಗೆ ವಿಮೆ ಅನ್ವಯಿಸುವುದಿಲ್ಲ; ಅನೇಕ ಕ್ಲೇಮುಗಳು ನಿಲ್ಲುವುದು ಇದೇ ಜಾಗದಲ್ಲಿ.

ಇನ್ನು ವಿಳಂಬದ ವಿಚಾರ. ಇಷ್ಟೆಲ್ಲ ಮಾಡಿದರೂ ವಾರಗಳು ಉರುಳುತ್ತಿವೆ, ಹಣ ಬಂದಿಲ್ಲ. ಈಗ ಒಂದು ನೋಟ್‌ಬುಕ್ ತೆಗೆದುಕೊಂಡು ಈವರೆಗೆ ನಡೆದುದನ್ನೆಲ್ಲ ತಾರೀಖಿನ ಕ್ರಮದಲ್ಲಿ ಬರೆಯಿರಿ. ಯಾವತ್ತು ಯಾರ ಜೊತೆ ಮಾತನಾಡಿದಿರಿ, ಅವರು ಏನೆಂದರು, ಯಾವ ಕಾಗದ ಯಾವತ್ತು ಕೊಟ್ಟಿರಿ. ಬರೆದು ಮುಗಿಸುವಷ್ಟರಲ್ಲಿ ಫೈಲು ಯಾವ ಮೆಟ್ಟಿಲಲ್ಲಿ ನಿಂತಿದೆ ಎಂಬುದು ಬಹುಮಟ್ಟಿಗೆ ನಿಮಗೇ ಕಾಣುತ್ತದೆ. ಸರ್ವೇಯರ್ ಬಂದೇ ಇಲ್ಲವೇ? ಬಂದು ಹೋದ ಮೇಲೆ ವರದಿ ಬಂದಿಲ್ಲವೇ? ವರದಿ ಬಂದರೂ ನಿರ್ಧಾರ ಆಗಿಲ್ಲವೇ? ಒಂದೊಂದಕ್ಕೂ ಮದ್ದು ಬೇರೆ.

ಅನಂತರ ಕಂಪನಿಗೆ ಪತ್ರ ಬರೆಯಿರಿ. ಫೋನಿನಲ್ಲಿ ಎಷ್ಟು ಸಲ ಬೇಡಿಕೊಂಡರೂ ನಾಳೆ ಅದಕ್ಕೆ ಪುರಾವೆ ಇರುವುದಿಲ್ಲ. ಪತ್ರದಲ್ಲಿ ಸಿಟ್ಟು ಬೇಡ, ಕಷ್ಟದ ದೀರ್ಘ ವರ್ಣನೆಯೂ ಬೇಡ. ತಾರೀಖುಗಳು, ಪ್ರಶ್ನೆಗಳು ಇಷ್ಟೇ ಇರಲಿ. ಮಾದರಿಗೆ ಹೀಗೆ ಬರೆಯಬಹುದು:

‘ಮಾನ್ಯರೇ, ಮೇಲ್ಕಂಡ ಪಾಲಿಸಿ ಮತ್ತು ಕ್ಲೇಮ್ ಸಂಖ್ಯೆಯನ್ನು ದಯವಿಟ್ಟು ಗಮನಿಸಿ. ಆಗಸ್ಟ್ 4ರ ರಾತ್ರಿ ಭೂಕುಸಿತದಿಂದ ನನ್ನ ಮನೆಯ ಹಿಂಬದಿ ಗೋಡೆ ಮತ್ತು ಅಡುಗೆಮನೆಯ ಮಾಡು ಬಿದ್ದ ವಿಷಯವನ್ನು ಆಗಸ್ಟ್ 5ರಂದು ತಿಳಿಸಿದ್ದೇನೆ. ಆಗಸ್ಟ್ 8ರಂದು ಸರ್ವೇಯರ್ ಸ್ಥಳ ಪರಿಶೀಲಿಸಿದ್ದಾರೆ. ಅವರು ಕೇಳಿದ ದಾಖಲೆಗಳನ್ನು ಆಗಸ್ಟ್ 12ರಂದು ಇಮೇಲ್ ಮಾಡಿದ್ದೇನೆ. ಇಂದು ಸೆಪ್ಟೆಂಬರ್ 10. ಸರ್ವೇ ವರದಿ ತಮಗೆ ಯಾವ ತಾರೀಖಿಗೆ ಬಂದಿದೆ? ನನ್ನಿಂದ ಇನ್ನೂ ಬರಬೇಕಾದ ದಾಖಲೆ ಇದೆಯೇ, ಇದ್ದರೆ ಯಾವುದು? ಯಾವ ತಾರೀಖಿನೊಳಗೆ ನಿರ್ಧಾರ ತಿಳಿಸುತ್ತೀರಿ? ಈ ಮೂರಕ್ಕೂ ಲಿಖಿತ ಉತ್ತರ ಕೊಡಬೇಕಾಗಿ ಹಾಗೂ ಸರ್ವೇ ವರದಿಯ ಪ್ರತಿ ಕಳಿಸಬೇಕಾಗಿ ಕೋರುತ್ತೇನೆ. ವಿಳಂಬದ ಅವಧಿಗೆ ನಿಯಮಾನುಸಾರ ಬಡ್ಡಿ ಪಡೆಯುವ ನನ್ನ ಹಕ್ಕನ್ನು ಕಾಯ್ದುಕೊಂಡಿದ್ದೇನೆ.’

ಕೊನೆಯ ಸಾಲನ್ನು ವಿವರಿಸಬೇಕು. ಗಡುವು ಮೀರಿ ತಡಮಾಡಿದ ಕಂಪನಿ ಬ್ಯಾಂಕ್ ದರಕ್ಕಿಂತ ಶೇ. 2 ಹೆಚ್ಚಿನ ಬಡ್ಡಿ ಕೊಡಬೇಕೆಂಬುದು ಪ್ರಾಧಿಕಾರದ ನಿಯಮ. ಬ್ಯಾಂಕ್ ದರ ಎಂದರೆ ರಿಸರ್ವ್ ಬ್ಯಾಂಕ್ ಕಾಲಕಾಲಕ್ಕೆ ಪ್ರಕಟಿಸುವ ಒಂದು ದರ. ಅದು ಶೇ. 6 ಎಂದಿಟ್ಟುಕೊಂಡರೆ ನಿಮಗೆ ಸಲ್ಲಬೇಕಾದದ್ದು ಶೇ. 8, 4 ಲಕ್ಷದ ಕ್ಲೇಮಿಗೆ ತಿಂಗಳಿಗೆ ಸುಮಾರು 2,667 ರೂಪಾಯಿ. ಮೊತ್ತ ದೊಡ್ಡದಲ್ಲ ಅನ್ನಿಸಬಹುದು, ಆದರೂ ಅದನ್ನು ಪತ್ರದಲ್ಲಿ ಬರೆಯಲೇಬೇಕು ಎಂಬುದು ನನ್ನ ಅಭಿಪ್ರಾಯ. ನಿಮಗೆ ನಿಯಮ ಗೊತ್ತಿದೆ ಎಂಬುದು ಅದನ್ನು ಓದುವ ಅಧಿಕಾರಿಗೆ ಆ ಒಂದು ಸಾಲಿನಿಂದಲೇ ತಿಳಿಯುತ್ತದೆ.

ಪತ್ರವನ್ನು ಇಮೇಲ್‌ನಲ್ಲಿ ಕಳಿಸಿ, ಜೊತೆಗೆ ಸ್ಪೀಡ್ ಪೋಸ್ಟಿನಲ್ಲೂ ಹಾಕಿ ರಸೀದಿ ಇಟ್ಟುಕೊಳ್ಳಿ. ಶಾಖೆಗೆ ಹೋಗಿ ಕೈಯಾರೆ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳದೆ ಬರಬೇಡಿ.

ಕೆಲವು ಸಲ ವಿಳಂಬ ಬೇರೆ ರೂಪದಲ್ಲಿ ಬರುತ್ತದೆ. ಇಂದು ಒಂದು ಕಾಗದ ಕೇಳುತ್ತಾರೆ, ಕೊಟ್ಟ ಹತ್ತು ದಿನಕ್ಕೆ ಇನ್ನೊಂದು, ಅದಾದ ಮೇಲೆ ಮತ್ತೊಂದು. ಆಗ ‘ಬೇಕಾದ ಎಲ್ಲ ದಾಖಲೆಗಳ ಪಟ್ಟಿಯನ್ನು ಒಂದೇ ಬಾರಿಗೆ ಕೊಡಿ’ ಎಂದು ಬರೆದು ಕೇಳಿ. ಹದಿನೈದು ವರ್ಷದ ಹಿಂದೆ ಕೊಂಡ ಮಿಕ್ಸಿಯ ಬಿಲ್ಲು, ಅಜ್ಜನ ಕಾಲದ ಮನೆಯ ನಕ್ಷೆ ಇಂಥವನ್ನು ಕೇಳಿದರೆ, ಅದು ನಿಮ್ಮ ಬಳಿ ಇಲ್ಲವೆಂದೂ ಯಾಕಿಲ್ಲವೆಂದೂ ಬರೆದು, ಬದಲಿಗೆ ಫೋಟೊ, ಪಂಚಾಯಿತಿಯ ತೆರಿಗೆ ರಸೀದಿ, ವಿದ್ಯುತ್ ಬಿಲ್ಲು ಕೊಡಿ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಟ್ರಕ್ ಕಳವಿನ ಪ್ರಕರಣದಲ್ಲಿ, ಪಾಲಿಸಿದಾರ ತನ್ನ ಕೈಮೀರಿದ ಕಾರಣದಿಂದ ಒದಗಿಸಲಾಗದ ದಾಖಲೆಯನ್ನು ಕೇಳಿ ಕ್ಲೇಮ್ ನಿರಾಕರಿಸುವುದು ಸರಿಯಲ್ಲ ಎಂದಿತು. ಪ್ರಕರಣ ವಾಹನದ್ದಾದರೂ ತತ್ತ್ವ ಮನೆಗೂ ಅನ್ವಯಿಸುತ್ತದೆ. ದಾಖಲೆ ಇಲ್ಲವೆಂಬ ಕಾರಣಕ್ಕೇ ಕ್ಲೇಮ್ ತಿರಸ್ಕರಿಸಬಾರದೆಂದು 2024ರ ಸುತ್ತೋಲೆಯೂ ಹೇಳುತ್ತದೆ.

ಇನ್ನೊಂದು ಸನ್ನಿವೇಶದಲ್ಲಿ ನಿಮಗೆ ಹೆಚ್ಚಿನ ಧೈರ್ಯ ಬೇಕಾಗುತ್ತದೆ. ಎರಡು ತಿಂಗಳು ಕಾಯಿಸಿದ ಮೇಲೆ ಕಂಪನಿ, 4 ಲಕ್ಷದ ನಷ್ಟಕ್ಕೆ 1.5 ಲಕ್ಷ ಕೊಡುತ್ತೇವೆ ಎಂದು ಒಂದು ಕಾಗದ ಕಳಿಸುತ್ತದೆ. ‘ನನ್ನ ಕ್ಲೇಮಿನ ಪೂರ್ಣ ಮತ್ತು ಅಂತಿಮ ಪರಿಹಾರವಾಗಿ ಈ ಮೊತ್ತ ಪಡೆದಿದ್ದೇನೆ’ ಎಂದು ಬರೆದಿರುವ ಆ ಕಾಗದವನ್ನು ಡಿಸ್ಚಾರ್ಜ್ ವೋಚರ್ ಎನ್ನುತ್ತಾರೆ. ಮಾಡಿಲ್ಲದ ಮನೆಯಲ್ಲಿ ಮಳೆಗಾಲ ಕಳೆಯುತ್ತಿರುವವರು ಸಹಿ ಹಾಕಿಬಿಡುತ್ತಾರೆ, ಅವರನ್ನು ದೂಷಿಸಲಾಗದು. ನೀವು ತಿಳಿದಿರಬೇಕಾದ್ದು ಇಷ್ಟು: ಇಂಥ ಸಹಿಯಿಂದ ಹೆಚ್ಚಿನ ಪರಿಹಾರ ಕೇಳುವ ಪಾಲಿಸಿದಾರನ ಹಕ್ಕು ಮುಗಿದುಹೋಗುವುದಿಲ್ಲ ಎಂದು ಪ್ರಾಧಿಕಾರ 2015ರ ಸೆಪ್ಟೆಂಬರಿನ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಹಾಗಿದ್ದರೂ ಸಹಿಯ ಪಕ್ಕದಲ್ಲೇ ‘ಆಕ್ಷೇಪಣೆಗೆ ಒಳಪಟ್ಟು ಸ್ವೀಕರಿಸಿದ್ದೇನೆ, ಉಳಿದ ಮೊತ್ತದ ಹಕ್ಕನ್ನು ಕಾಯ್ದುಕೊಂಡಿದ್ದೇನೆ’ ಎಂದು ಬರೆದು, ಅದನ್ನೇ ಇಮೇಲ್‌ನಲ್ಲಿ ಅಂದೇ ಕಳಿಸುವುದು ಸುರಕ್ಷಿತ. ಮೊತ್ತ ಯಾಕೆ ಇಳಿಯಿತು ಎಂದು ತಿಳಿಯಲು ಸರ್ವೇ ವರದಿಯನ್ನು ನಿಮ್ಮ ಮೇಸ್ತ್ರಿಯ ಪಟ್ಟಿಯ ಜೊತೆ ಸಾಲುಸಾಲಾಗಿ ಹೋಲಿಸಿ. ಅವಶೇಷ ಸಾಗಿಸುವ ಖರ್ಚಿಗೆ ಕ್ಲೇಮ್ ಮೊತ್ತದ ಶೇ. 2ರವರೆಗೆ, ಎಂಜಿನಿಯರರ ಶುಲ್ಕಕ್ಕೆ ಶೇ. 5ರವರೆಗೆ ಭಾರತ್ ಗೃಹ ರಕ್ಷಾದಲ್ಲಿ ಅವಕಾಶವಿದೆ. ಇವು ಬಿಟ್ಟುಹೋಗಿವೆಯೇ ನೋಡಿ. ಸರ್ವೇ ವರದಿಯೇ ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ಅದನ್ನು ಕಾರಣಸಹಿತ ಪ್ರಶ್ನಿಸುವ ದಾರಿ ನಿಮಗೆ ತೆರೆದಿದೆ.

ಪತ್ರಕ್ಕೆ ಉತ್ತರ ಬಾರದಿದ್ದರೆ ಮುಂದಿನ ಬಾಗಿಲು ಕಂಪನಿಯೊಳಗೇ ಇರುವ ಕುಂದುಕೊರತೆ ನಿವಾರಣಾ ಅಧಿಕಾರಿ. ಇವರ ವಿವರ ಪಾಲಿಸಿಯಲ್ಲೇ ಅಚ್ಚಾಗಿರುತ್ತದೆ. ಇವರು ಎರಡು ವಾರದೊಳಗೆ ಉತ್ತರ ಕೊಡಬೇಕು. ಅದೇ ದೂರನ್ನು ಪ್ರಾಧಿಕಾರದ ‘ಬಿಮಾ ಭರೋಸಾ’ ಜಾಲತಾಣದಲ್ಲಿ ದಾಖಲಿಸಬಹುದು, ಅಥವಾ 155255ಕ್ಕೆ ಕರೆ ಮಾಡಿ ಹೇಳಬಹುದು. ಪ್ರಾಧಿಕಾರ ತಾನೇ ತೀರ್ಪು ಕೊಡುವುದಿಲ್ಲ. ದೂರನ್ನು ಕಂಪನಿಗೆ ಕಳಿಸಿ ಉತ್ತರಕ್ಕಾಗಿ ಬೆನ್ನುಹತ್ತುತ್ತದೆ. ಮೇಲಿನವರ ಕಣ್ಣು ಬಿದ್ದಿದೆ ಎಂದು ಗೊತ್ತಾದಾಗ ಎಷ್ಟೋ ಫೈಲುಗಳು ಅಲ್ಲಿಂದಲೇ ಕದಲುತ್ತವೆ.

ಒಂದು ತಿಂಗಳಾದರೂ ಕಂಪನಿ ಉತ್ತರಿಸದಿದ್ದರೆ, ಅಥವಾ ಉತ್ತರ ನಿಮಗೆ ಸಮಾಧಾನ ತರದಿದ್ದರೆ, ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಒಂಬುಡ್ಸ್‌ಮನ್ ಎಂದರೆ ಕಂಪನಿ ಮತ್ತು ಪಾಲಿಸಿದಾರರ ನಡುವಿನ ವ್ಯಾಜ್ಯವನ್ನು ಸರಳವಾಗಿ ಬಗೆಹರಿಸಲು ನೇಮಕವಾದ ಅಧಿಕಾರಿ. ಕರ್ನಾಟಕಕ್ಕೆ ಸೇರಿದ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ನಿಯಮದ ಗಡುವು ಮೀರಿದ ವಿಳಂಬವೇ ಇಲ್ಲಿ ದೂರು ಕೊಡಲು ಸಾಕಾದ ಕಾರಣ. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ನಿಮ್ಮ ಮಾತನ್ನು ನೀವೇ ಹೇಳಿಕೊಳ್ಳಬೇಕು. 50 ಲಕ್ಷ ರೂಪಾಯಿವರೆಗಿನ ಪರಿಹಾರವನ್ನು ಇವರು ಆದೇಶಿಸಬಹುದು. ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನು ಕಟ್ಟಿಹಾಕುವುದಿಲ್ಲ. ಕಂಪನಿ 30 ದಿನದೊಳಗೆ ಅದನ್ನು ಪಾಲಿಸಬೇಕು. ಇಷ್ಟು ಸುಲಭವಾದ ವ್ಯವಸ್ಥೆ ಇರುವುದು ಹಳ್ಳಿಗಾಡಿನ ಎಷ್ಟೋ ಪಾಲಿಸಿದಾರರಿಗೆ ಗೊತ್ತೇ ಇಲ್ಲವಲ್ಲ ಎಂಬುದು ನನ್ನ ಕೊರಗು. ನಿಮ್ಮ ನೋಟ್‌ಬುಕ್ಕು, ಪತ್ರಗಳು, ರಸೀದಿಗಳು ಇಲ್ಲಿ ಪೂರ್ತಿ ಉಪಯೋಗಕ್ಕೆ ಬರುತ್ತವೆ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಬರಬೇಕು ಎಂಬುದನ್ನು ಮಾತ್ರ ಮರೆಯಬೇಡಿ.

ಇನ್ನೊಂದು ದಾರಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಹಣ ಪಡೆದು ಸೇವೆಯನ್ನು ಸರಿಯಾಗಿ ಕೊಡದಿರುವುದನ್ನು ಗ್ರಾಹಕ ಕಾನೂನು ಸೇವಾ ನ್ಯೂನತೆ ಎನ್ನುತ್ತದೆ. ಕ್ಲೇಮನ್ನು ಕಾರಣವಿಲ್ಲದೆ ಎಳೆಯುವುದೂ ಅದರಲ್ಲಿ ಸೇರುತ್ತದೆ. 2019ರ ಕಾಯ್ದೆಯ ಪ್ರಕಾರ ದೂರು ಯಾವ ಮಟ್ಟದ ಆಯೋಗಕ್ಕೆ ಹೋಗಬೇಕೆಂಬುದನ್ನು ನೀವು ಕೊಟ್ಟ ಹಣದ ಮೇಲೆ, ಅಂದರೆ ಪ್ರೀಮಿಯಂ ಮೇಲೆ, ನಿರ್ಧರಿಸುತ್ತಾರೆ. ಮನೆ ವಿಮೆಯ ಪ್ರೀಮಿಯಂ ಸಣ್ಣದಾದ್ದರಿಂದ ಕ್ಲೇಮ್ ಎಷ್ಟೇ ದೊಡ್ಡದಿದ್ದರೂ ದೂರು ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಸಲ್ಲುತ್ತದೆ, ಶುಲ್ಕವೂ ಇರುವುದಿಲ್ಲ. ಬಡ್ಡಿಯ ಜೊತೆಗೆ ಮಾನಸಿಕ ಹಿಂಸೆಗೂ ಪರಿಹಾರ ಕೇಳಲು ಇಲ್ಲಿ ಅವಕಾಶವಿದೆ. ಎರಡು ವರ್ಷದ ಕಾಲಮಿತಿ ಇದೆ. ಒಂದೇ ವಿಷಯವನ್ನು ಆಯೋಗದ ಮುಂದೆ ಇಟ್ಟುಕೊಂಡು ಒಂಬುಡ್ಸ್‌ಮನ್ ಬಳಿಯೂ ಹೋಗುವಂತಿಲ್ಲ. ಹಾಗಾಗಿ ಹೊಸಬರಿಗೆ ನಾನು ಹೇಳುವುದು, ಮೊದಲು ಒಂಬುಡ್ಸ್‌ಮನ್. ಅಲ್ಲಿನ ಆದೇಶ ಒಪ್ಪಿಗೆಯಾಗದಿದ್ದರೆ ಅನಂತರ ಆಯೋಗ.

ಮನೆಯ ಮೇಲೆ ಬ್ಯಾಂಕ್ ಸಾಲವಿದ್ದವರಿಗೆ ಇನ್ನೊಂದು ಮಾತು ಹೇಳಬೇಕಿದೆ. ಕಂಪನಿ ‘ಹಣ ಕಳಿಸಿದ್ದೇವೆ’ ಎನ್ನುತ್ತದೆ, ನಿಮ್ಮ ಉಳಿತಾಯ ಖಾತೆಯಲ್ಲಿ ಏನೂ ಕಾಣುವುದಿಲ್ಲ. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಸೇರಿದ್ದರೆ ಪರಿಹಾರ ಮೊದಲು ಬ್ಯಾಂಕಿಗೆ ಹೋಗುತ್ತದೆ. ಶೆಡ್ಯೂಲ್‌ನಲ್ಲಿ ಬ್ಯಾಂಕಿನ ಹೆಸರು ಇದೆಯೇ ಎಂದು ನೋಡಿ, ಕಂಪನಿಯಿಂದ ಪಾವತಿಯ ತಾರೀಖು ಮತ್ತು ಯುಟಿಆರ್ ಸಂಖ್ಯೆ ಕೇಳಿ ಪಡೆಯಿರಿ. ಹಣ ವರ್ಗಾವಣೆಯನ್ನು ಗುರುತಿಸಲು ಬ್ಯಾಂಕುಗಳು ಕೊಡುವ ಸಂಖ್ಯೆ ಅದು. ಆ ಸಂಖ್ಯೆಯನ್ನೂ ಮೇಸ್ತ್ರಿಯ ಅಂದಾಜು ಪಟ್ಟಿಯನ್ನೂ ಲಗತ್ತಿಸಿ, ಹಣವನ್ನು ಸಾಲಕ್ಕೆ ಜಮಾ ಮಾಡಿಕೊಳ್ಳದೆ ದುರಸ್ತಿಗೆ ಬಿಡುಗಡೆ ಮಾಡಬೇಕೆಂದು ಬ್ಯಾಂಕಿನ ಶಾಖಾ ವ್ಯವಸ್ಥಾಪಕರಿಗೆ ಬರೆಯಿರಿ. ಆ ಪತ್ರದ ಪ್ರತಿಯ ಮೇಲೂ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ.